ಸೋಮವಾರದ ರಸ್ತೆ

ಕುಟುಂಬ ಕೃಷಿ ಎಂಬುದೊಂದು ಇದೆ ಎಂದು ನಮಗೆ ತಿಳಿಸಿಕೊಟ್ಟವರು ಸರಕಾರದವರು. ಅಲ್ಲಿಯವರೆಗೆ ನಮ್ಮ ಮಾವ ರಂಟೆ ಹೊಡೆಯುತ್ತಿದ್ದರು, ಅತ್ತೆ ಕೂರಿಗೆಯ ಹಿಂದೆ ಕಾಳು ಬಿಡುತ್ತಿದ್ದರು, ನಾನು ಬೆಳೆಯ ನಡುವಿನ ಕಸ ತೆಗೆಯುತ್ತಿದ್ದೆ, ನನ್ನ ಗಂಡ ಪ್ರಭುಲಿಂಗ ಮುಧೋಳದ ಕಡೆ ಕಬ್ಬಿನ ಟ್ರ್ಯಾಕ್ಟರ್ ಓಡಿಸುವ ಸೀಸನ್ ಮುಗಿಸಿ ಬಂದು ರಾಶಿಗೆ ಕೈಹಚ್ಚುತ್ತಿದ್ದ. ಇದಕ್ಕೊಂದು ಹೆಸರಿದೆ, ಆ ಹೆಸರಿಗೊಂದು ಕೋಶವಿದೆ, ಕೋಶಕ್ಕೊಬ್ಬ ಸಾಹೇಬರಿದ್ದಾರೆ, ಸಾಹೇಬರಿಗೊಂದು ಜೀಪಿದೆ ಎಂದು ನಮಗೆ ಯಾರೂ ಹೇಳಿರಲಿಲ್ಲ. ಗೊತ್ತಾದ ಮೇಲೆ ನಮ್ಮ ಹೊಲದಲ್ಲಿ ಜೋಳವೇನೂ ಹೆಚ್ಚು ಬೆಳೆಯಲಿಲ್ಲ, ಆ ಮಾತು ಬೇರೆ.

ನಮ್ಮದು ಸಾವಳಗಿಯಿಂದ ಒಳಗೆ ಒಂದು ಸಣ್ಣ ವಸ್ತಿ. ನಮ್ಮ ಹೊಲ ಮೂರೆಕರೆ ಕಪ್ಪು ಎರೆಭೂಮಿ. ಆ ಹೊಲಕ್ಕೂ ಡಾಂಬರು ರಸ್ತೆಗೂ ನಡುವೆ ಇರುವ ಅಷ್ಟೂ ಭೂಮಿ ಸಾವಕಾರ ಮಹಾಲಿಂಗಪ್ಪನವರದು. ಎತ್ತ ನೋಡಿದರೂ ಅವರ ಕಬ್ಬು. ಆದರೆ ಕಾಗದದ ಮೇಲೆ ನೋಡಿದರೆ ಅವರಷ್ಟು ಬಡವರು ಈ ತಾಲೂಕಿನಲ್ಲಿ ಸಿಗಲಿಕ್ಕಿಲ್ಲ. ಹೆಂಡತಿ, ಇಬ್ಬರು ಮಕ್ಕಳು, ಇಬ್ಬರು ಸೊಸೆಯರು ಎಂದು ಭೂಮಿಯನ್ನು ತುಂಡು ತುಂಡು ಮಾಡಿ ಬರೆಸಿ, ಎಲ್ಲರೂ ಸಣ್ಣ ರೈತರಾಗಿಬಿಟ್ಟಿದ್ದಾರೆ. ತೊಟ್ಟಿಲಲ್ಲಿ ಮಲಗಿರುವ ಮೊಮ್ಮಗನೂ ಸಣ್ಣ ರೈತನೇ. ಆ ಕೂಸೊಂದು ಮಾತ್ರ ಖರೇನೇ ಸಣ್ಣದು. ಸಣ್ಣ ರೈತರಿಗೆಂದು ಬರುವ ಪೈಪು, ಪಂಪು, ತಾಡಪತ್ರಿ ಎಲ್ಲವೂ ಆ ಮನೆಯ ಅಂಗಳದಲ್ಲೇ ಇಳಿಯುತ್ತವೆ.

ಅವರ ಕಬ್ಬಿನ ನಡುವೆ ಹಾದು ನಮ್ಮ ಹೊಲಕ್ಕೆ ಹೋಗುವ ಒಂದು ಚಕ್ಕಡಿ ದಾರಿ ಇತ್ತು. ನಮ್ಮ ಮಾವನ ಅಜ್ಜನ ಕಾಲಕ್ಕೂ ಇತ್ತು. ಒಂದು ವರ್ಷ ಸಾವಕಾರರು ಆ ದಾರಿಯ ಒಂದು ಮಗ್ಗುಲಿಗೆ ಕಬ್ಬು ಊರಿದರು. ಮರುವರ್ಷ ಇನ್ನೊಂದು ಮಗ್ಗುಲಿಗೂ ಊರಿದರು. ಆಮೇಲೆ ದಾರಿಯ ಬಾಯಿಗೆ ಅಡ್ಡಲಾಗಿ ಕಲ್ಲುಕಂಬ ನೆಟ್ಟು ಮುಳ್ಳುತಂತಿ ಬಿಗಿದರು. ಕೇಳಿದರೆ, “ಹಂದಿ ಕಾಟ” ಅಂದರು. ಹಂದಿಗಳು ಈಗಲೂ ಬರುತ್ತವೆ. ಬರದೆ ಇರುವುದು ನಮ್ಮ ಚಕ್ಕಡಿ ಒಂದೇ.

ದಾರಿ ಇಲ್ಲದ ಹೊಲ ಅಂದರೆ ಏನು ಅಂತ ಪಟ್ಟಣದವರಿಗೆ ತಿಳಿಯುವುದು ಕಷ್ಟ. ರಾಶಿ ಮಾಡುವ ಮಷೀನು ಒಳಗೆ ಬರುವುದಿಲ್ಲ. ಗೊಬ್ಬರ ಹೋಗುವುದಿಲ್ಲ, ಜೋಳ ಹೊರಗೆ ಬರುವುದಿಲ್ಲ. ಪಕ್ಕದವರ ಒಡ್ಡಿನ ಮೇಲೆ ಸುತ್ತು ಹಾಕಿ, ತೆನೆ, ದನಕ್ಕೆ ಹಾಕುವ ಕಣಿಕೆ, ಚೀಲ ಎಲ್ಲವನ್ನೂ ತಲೆಯ ಮೇಲೆ ಹೊತ್ತು ತರಬೇಕು. ನಮ್ಮ ಅತ್ತೆ ತಂಗೆವ್ವ ಹಾಗೆ ಹೊತ್ತು ತರುವಾಗ ಒಮ್ಮೆ ಅಕಾಲದ ಮಳೆಗೆ ಎರೆಮಣ್ಣಿನಲ್ಲಿ ಜಾರಿ ಬಿದ್ದು ಮೊಣಕಾಲು ಕೆಡಿಸಿಕೊಂಡರು. ಅದು ಇವತ್ತಿಗೂ ನೆಟ್ಟಗಾಗಿಲ್ಲ. ಅವರು ಮಂಚದ ಮೇಲಿದ್ದಾಗಲೇ ಸಾವಕಾರರು ಹೇಳಿ ಕಳಿಸಿದರು: ದಾರಿ ಇಲ್ಲದ ಹೊಲ ಇಟ್ಟುಕೊಂಡು ಏನು ಮಾಡುತ್ತೀರಿ, ನನಗೇ ಕೊಟ್ಟುಬಿಡಿ, ಯೋಗ್ಯ ರೇಟು ಕೊಡುತ್ತೇನೆ.

ಹೇಳಲು ಬಂದ ಆಳಿಗೆ ಅತ್ತೆ ಮಂಚದ ಮೇಲಿಂದಲೇ ಉತ್ತರ ಕೊಟ್ಟರು. “ನಮ್ಮ ಹಿರೇರನ್ನೆಲ್ಲ ಮಣ್ಣ ಮಾಡಿದ್ದು ಅದ ಹೊಲದಾಗ. ನಾಳೆ ನನ್ನ ಒಯ್ದು ಇಡೂದೂ ಅಲ್ಲೇ. ನಿಮ್ಮ ಸಾವಕಾರಗ ಹೇಳು, ಹೊಲ ಕೇಳೂಕಿಂತ ಮೊದಲ ನನ್ನ ಹೆಣಾ ಹೋಗೂವಷ್ಟರ ದಾರಿ ಬಿಡು ಅಂತ.”

ಆ ದಾರಿಗಾಗಿ ನಾವು ತಿರುಗದ ಕಚೇರಿ ಇಲ್ಲ. ನಾನು ಬಿ.ಎ. ಓದಿದವಳು, ಅರ್ಜಿ ಬರೆಯುವುದು ನನ್ನ ಪಾಲಿಗೆ ಬಂದ ಕೆಲಸ. ಎಲ್ಲ ಕಡೆಯೂ ಒಂದೇ ಉತ್ತರ: ನಕಾಶೆಯಲ್ಲಿ ಆ ದಾರಿ ಇಲ್ಲ. ನಕಾಶೆ ಬರೆದವನು ನಮ್ಮ ಹೊಲಕ್ಕೆ ಬಂದಿದ್ದೇ ಆ ದಾರಿಯಲ್ಲಿರಬೇಕು. ಬಂದ ದಾರಿಯೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಬರೆದುಕೊಂಡು ಹೋಗಿದ್ದಾನೆ.

ಹೀಗಿರುವಾಗ ಈ ಸಲದ ಮಾಗಿಯಲ್ಲಿ, ಜೋಳ ತೆನೆ ಹಾಕಿ ನಿಂತ ಹೊತ್ತಿಗೆ, ಪ್ರಭುಲಿಂಗ ಇನ್ನೂ ಕಬ್ಬಿನ ಸೀಸನ್ನಿನಲ್ಲೇ ಇದ್ದಾಗ, ಕುಟುಂಬ ಕೃಷಿ ಕೋಶದ ಸಾಹೇಬರು ಸಾವಕಾರರ ಜೊತೆ ನಮ್ಮ ಮನೆಗೆ ಬಂದರು. ಸಾವಕಾರರು ನಮ್ಮ ಕಟ್ಟೆಯ ಮೇಲೆ ಕೂತು ಎಷ್ಟೋ ವರ್ಷ ಆಗಿತ್ತು. ಚಹಾ ಕೊಟ್ಟರೆ ಕುಡಿದರು, ಅತ್ತೆಯ ಮೊಣಕಾಲು ಹೇಗಿದೆ ಎಂದೂ ಕೇಳಿದರು. ಆಗಲೇ ನನಗೆ ಏನೋ ಬೇಕಾಗಿದೆ ಇವರಿಗೆ ಅನ್ನಿಸಿತು.

ಬೇಕಾಗಿದ್ದದ್ದು ಎತ್ತು. ದಿಲ್ಲಿಯಿಂದ ಒಂದು ತಂಡ ಬರುತ್ತಿದೆಯಂತೆ. ಮನೆಮಂದಿಯೆಲ್ಲ ಸೇರಿ ದುಡಿಯುವ, ಎತ್ತಿನಿಂದ ಉಳುವ ಒಂದು ಮಾದರಿ ರೈತ ಕುಟುಂಬವನ್ನು ಅವರಿಗೆ ತೋರಿಸಬೇಕಂತೆ. ಇಡೀ ತಾಲೂಕು ಸೋಸಿ ಸಾಹೇಬರು ಆರಿಸಿದ ಕುಟುಂಬ ಮಹಾಲಿಂಗಪ್ಪನವರದು. ಅವರ ಮನೆಯಲ್ಲಿ ಎರಡು ಟ್ರ್ಯಾಕ್ಟರ್ ಇವೆ, ಮೂರು ಕಾರುಗಳಿವೆ, ಎತ್ತು ಒಂದೂ ಇಲ್ಲ. ವಸ್ತಿಯಲ್ಲಿ ಹೊಲಗೆಲಸದ ಜೋಡೆತ್ತು ಉಳಿದಿದ್ದು ನಮ್ಮ ಕೊಟ್ಟಿಗೆಯಲ್ಲಿ ಮಾತ್ರ.

“ಖರೇ ಎತ್ತು ನಮ್ಮಲ್ಲಿ ಅದಾವು, ಮನಿಮಂದಿ ದುಡಿಯೂದು ನಮ್ಮಲ್ಲಿ ಐತಿ. ಮತ್ತ ನಮ್ಮ ಹೊಲಾನ ತೋರಸ್ರಲ್ಲರಿ ಸಾಹೇಬ್ರ?” ಅಂದೆ ನಾನು.

ಸಾಹೇಬರಿಗೆ ನನ್ನ ಪ್ರಶ್ನೆಯಿಂದ ಬೇಜಾರೇನೂ ಆಗಲಿಲ್ಲ. ಮಕ್ಕಳಿಗೆ ಹೇಳುವಂತೆ ನಕ್ಕು ಹೇಳಿದರು. “ನಿಮ್ಮ ಹೊಲಕ್ಕ ದಾರಿ ಇಲ್ಲಲ್ಲವ್ವ. ಕಾರ್ ಹೆಂಗ ಬರಬೇಕು?”

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಸೆರಗು ಸರಿಮಾಡಿಕೊಂಡು ಮುಂದೆ ಬಂದರು. “ದಾರಿ ಬಿಡ್ರಿ ಸಾವಕಾರ್ರ, ಎತ್ತು ಒಯ್ರಿ. ಮಾತ ಇಷ್ಟ.”

ಸಾವಕಾರರ ಮುಖ ಸಣ್ಣದಾಯಿತು. ಆದರೆ ಸಾಹೇಬರು ಹಿಗ್ಗಿಬಿಟ್ಟರು. ದಿಲ್ಲಿಯವರಿಗೆ ಉಳುಮೆ ತೋರಿಸಲು ಅವರು ಗೊತ್ತು ಮಾಡಿದ್ದ ಜಾಗ ಸಾವಕಾರರು ತೊಗರಿ ಕಿತ್ತ ಪಟ್ಟಿ, ನಮ್ಮ ಬದುವಿಗೆ ಹತ್ತಿಕೊಂಡೇ ಇರುವುದು. ಅಲ್ಲಿಗೆ ಕಾರು ಬರಬೇಕಾದರೆ ಹೇಗೂ ದಾರಿ ಬೇಕು. “ಸಣ್ಣ ರೈತರ ಹೊಲಕ್ಕ ರಸ್ತೆ ಅಂತ ನಮ್ಮಲ್ಲಿ ಒಂದ ಯೋಜನೆ ಐತ್ರಿ ಸಾವಕಾರ್ರ. ಅದರಾಗ ಗರಸು ಹಾಕಿಸಿಬಿಡೂನು. ಭೂಮಿ ಬಿಟ್ಟ ದಾನಿ ಅಂತ ನಿಮ್ಮ ಹೆಸರ ಬೋರ್ಡಿನ ಮ್ಯಾಲೆ ಬರತೈತಿ” ಎಂದರು. ಬೋರ್ಡಿನ ಮಾತು ಕೇಳಿ ಸಾವಕಾರರ ಮುಖ ಮೊದಲಿನ ಅಳತೆಗೆ ಬಂತು. ನಾಲ್ಕನೇ ತಾರೀಖು ಕಾರ್ಯಕ್ರಮ ಎಂದು ನಿಕ್ಕಿಯಾಯಿತು.

ಅಷ್ಟು ವರ್ಷ ನಕಾಶೆಯಲ್ಲಿ ಇಲ್ಲದ ದಾರಿ ಎರಡೇ ದಿನದಲ್ಲಿ ಎದ್ದು ಬಂತು. ಕಲ್ಲುಕಂಬ ಕಿತ್ತರು, ಕಬ್ಬು ಕಡಿದರು, ಟಿಪ್ಪರಿನಲ್ಲಿ ಗರಸು, ಅಂದರೆ ಕಲ್ಲುಮಣ್ಣು, ತಂದು ಸುರಿದು ರೋಲರ್ ಓಡಿಸಿದರು. ದಾರಿಯ ಬಾಯಿಗೆ ಹಸಿರು ಬೋರ್ಡು ನಿಂತಿತು: ‘ಸಣ್ಣ ರೈತರ ಹೊಲದ ರಸ್ತೆ. ಭೂದಾನಿ: ಶ್ರೀ ಮಹಾಲಿಂಗಪ್ಪನವರು.’ ಅವತ್ತು ಸಂಜೆ ಅತ್ತೆ ಬರಿಗಾಲಲ್ಲಿ ಆ ದಾರಿ ಹಿಡಿದು ಹೊಲದವರೆಗೆ ಹೋದರು, ಬಂದರು, ಮತ್ತೆ ಹೋದರು. ಮೂರನೇ ಸಲ ಹೊರಟಾಗ ನಾನು ಕರೆದೆ. “ಮಣಕಾಲ ನೋವಾಗೂದಿಲ್ಲೇನ್ರಿ ಅತ್ತಿ?” ಅವರು ತಿರುಗಿಯೂ ನೋಡಲಿಲ್ಲ. ನನಗೆ ಆ ಹೊತ್ತಿನಲ್ಲಿ ಬಹಳ ಸಂತೋಷವಾಯಿತು. ಈ ಸಲ ಜೋಳ ಚಕ್ಕಡಿಯಲ್ಲಿ ಮನೆಗೆ ಬರುತ್ತದೆ ಎಂದು ನಾನೂ ನಂಬಿದೆ.

ಮರುದಿನ ಮಾವ ಶಿವಯೋಗೆಪ್ಪ ಎತ್ತಿನ ಮೈ ತೊಳೆಯುತ್ತಿದ್ದರು. ಅವರು ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು, ಅದರಲ್ಲೂ ಎಂಟು ಎತ್ತಿನ ಜೊತೆ. ತಲೆ ಎತ್ತದೆ ಕೇಳಿದರು. “ದಾನವ್ವ, ನಾಕನೇ ತಾರೀಖ ಯಾವ ವಾರ?”

ನಾನು ಫೋನು ನೋಡಿದೆ. ಸೋಮವಾರ.

ಮಾವ ಕೈಯಲ್ಲಿದ್ದ ಹುಲ್ಲಿನ ಸಿಂಬಿ ಕೆಳಗಿಟ್ಟರು. “ಹಂಗಾದ್ರ ಎತ್ತು ಬರಂಗಿಲ್ಲ.”

ಸೋಮವಾರ ಬಸವಣ್ಣನ ವಾರ. ನಮ್ಮ ಕಡೆ ಅವತ್ತು ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಇದು ಹಾಲು ಕುಡಿಯುವ ಕೂಸಿಗೂ ಗೊತ್ತು. ಗೊತ್ತಿಲ್ಲದವರು ಇಬ್ಬರೇ. ಸಾಹೇಬರಿಗೆ ತಾರೀಖು ಗೊತ್ತು, ವಾರ ಗೊತ್ತಿಲ್ಲ. ಸಾವಕಾರರು ಎತ್ತು ಮಾರಿದ ದಿನವೇ ಸೋಮವಾರವನ್ನೂ ಮಾರಿಬಿಟ್ಟಿದ್ದರು. ಎತ್ತಿನಿಂದ ಉಳುವ ಕುಟುಂಬವನ್ನು ತೋರಿಸಲು, ಯಾರೂ ಎತ್ತು ಹೂಡದ ದಿನವನ್ನೇ ಹುಡುಕಿ ಇಟ್ಟಿದ್ದರು.

ಅತ್ತೆಗೆ ಸಿಟ್ಟು ನೆತ್ತಿಗೇರಿತು. “ಇಷ್ಟ ವರ್ಷ ತಲಿ ಮ್ಯಾಲೆ ಹೊತ್ತಾಕಿ ನಾನು. ನಿಮ್ಮ ಬಸವಣ್ಣಗ ನನ್ನ ಮಣಕಾಲ ಕಾಣಂಗಿಲ್ಲೇನು? ಒಂದ ತಾಸಿನ ಮಾತು. ಒಂದ ಸಾಲು ಹೊಡದ ಬಂದ್ರ ಆತು.”

“ವಾರಕ್ಕ ಒಂದಿನ ಬಿಡ್ತೀನಿ ಅಂತ ಅವಕ್ಕೂ ನನಗೂ ಆದ ಮಾತು” ಎಂದರು ಮಾವ. “ಅವು ಆರು ದಿನ ತಮ್ಮ ಮಾತು ನಡಿಸ್ಯಾವು. ನಾ ಮುರಿಯಾಂವಲ್ಲ.”

ಅತ್ತೆ ಅವತ್ತಿನಿಂದ ಮಾವನಿಗೆ ರೊಟ್ಟಿ ಬಡಿಸಿದರು, ಮಾತು ಬಡಿಸಲಿಲ್ಲ. ನಾನೂ ಅತ್ತೆಯ ಕಡೆಗೇ ಇದ್ದೆ. ದಾರಿ ಕಣ್ಣ ಮುಂದೆ ಬಿದ್ದಿದೆ, ಈ ಮುದುಕನ ಹಟದಿಂದ ಹೋಗುತ್ತದೆ ಅನ್ನಿಸಿ ನನಗೆ ಅಳುವೇ ಬಂತು. ಸುದ್ದಿ ಕೇಳಿ ಸಾವಕಾರರು ಮಾತ್ರ ಜಗ್ಗಲಿಲ್ಲ. “ಎತ್ತು ನಿಮ್ಮ ಮನ್ಯಾಗಷ್ಟ ಅದಾವೇನು?” ಎಂದು ಫೋನು ತೆಗೆದು ಮುಧೋಳಕ್ಕೆ ಹಚ್ಚಿದರು.

ಹಚ್ಚಿದ್ದು ಯಾರಿಗೆ ಎಂದು ನನಗೆ ಗೊತ್ತಾಗಿದ್ದು ಭಾನುವಾರ ಸಂಜೆ. ಟೆಂಪೋದಿಂದ ತನ್ನ ಜೋಡೆತ್ತು ಇಳಿಸುತ್ತಾ ನಿಂತಿದ್ದವನು ನನ್ನ ತಮ್ಮ ಸಿದ್ದಾರೂಢ. ಅವನ ಎತ್ತುಗಳು ಗುಡ್ಡದ ಹಾಗಿವೆ. ತತ್ತಿ, ಹಾಲು, ಉದ್ದು ಎಂದು ತಾನು ತಿನ್ನದ್ದನ್ನೆಲ್ಲ ಅವಕ್ಕೆ ತಿನ್ನಿಸುತ್ತಾನೆ. ಆದರೆ ಅವು ಹೊಲದ ಎತ್ತಲ್ಲ, ತೆರಬಂಡಿಯ ಎತ್ತು. ತೆರಬಂಡಿ ಅಂದರೆ ಗಾಲಿ ಕಟ್ಟಿ ಭಾರ ಹೇರಿದ ಬಂಡಿ. ಗಾಲಿ ಉರುಳುವುದಿಲ್ಲ, ಎತ್ತು ಅದನ್ನು ನೆಲದ ಮೇಲೆ ಎಳೆದೇ ಒಯ್ಯಬೇಕು. ಯಾವ ಜೋಡಿ ಹೆಚ್ಚು ದೂರ ಎಳೆಯುತ್ತದೋ ಅದಕ್ಕೆ ಬಹುಮಾನ. ಸುತ್ತ ನಿಂತ ಮಂದಿ ಚಪ್ಪಾಳೆ ತಟ್ಟಿ ಸಿಳ್ಳೆ ಹೊಡೆದು ಹುರುಪು ತುಂಬುತ್ತಾರೆ. ಆ ಎತ್ತುಗಳು ಕಲಿತ ವಿದ್ಯೆ ಅದೊಂದೇ. ಚಪ್ಪಾಳೆ ಬಿತ್ತೆಂದರೆ ಎಳೆಯುವುದು, ನಿಂತಿತೆಂದರೆ ನಿಲ್ಲುವುದು.

“ಲೇ ಸಿದ್ದಾ, ಸೋಮಾರ ಎತ್ತು ಹೂಡಾಕ ಬಂದೀಯೇನೋ, ನಾಚಿಕಿ ಇಲ್ಲದಾಂವ!” ಎಂದು ಬೈದೆ.

“ಹೂಡೂದಲ್ಲಕ್ಕ, ಬರೇ ಫೋಟೋಕ್ಕ ನಿಲ್ಲಸೂದಂತ. ಸಾವಕಾರ್ರು ಬರೂ ವಾರದ ತೆರಬಂಡಿ ಶರ್ಯತ್ತಿನ ಕಮಿಟಿಯಾಗ ಅದಾರ. ಇಲ್ಲ ಅಂದ್ರ ನನ್ನ ಜೋಡಿ ಹೆಸರ ತಗೊಳ್ಳೂದಿಲ್ಲ ಅಂದ್ರು.”

“ಚಪ್ಪಾಳಿ ಮಾತು ಹೇಳೀಯೋ ಅವರಿಗೆ?”

“ಅವರು ಕೇಳಲಿಲ್ಲ” ಎಂದ ನನ್ನ ತಮ್ಮ.

ಸೋಮವಾರ ಬೆಳಿಗ್ಗೆ ಸಾವಕಾರರ ಕುಟುಂಬ ಕೃಷಿಗೆ ಇಳಿಯಿತು. ಸಾವಕಾರರು ಪ್ಯಾಂಟು ಬಿಟ್ಟು, ಬನಹಟ್ಟಿಯಿಂದ ತರಿಸಿದ ಹೊಸ ಧೋತರ ಉಟ್ಟು, ತಲೆಗೆ ಪಟಕಾ ಸುತ್ತಿಸಿಕೊಂಡಿದ್ದರು. ಸುತ್ತಿಕೊಳ್ಳಲು ಅವರಿಗೆ ಬರುವುದಿಲ್ಲ, ಅದಕ್ಕೂ ಒಬ್ಬ ಆಳು. ಬೆಳಗಾವಿಯಲ್ಲಿರುವ ಸೊಸೆಯರು ಕಾರಿನಲ್ಲಿ ಬಂದು, ಇಳಕಲ್ ಸೀರೆಯಲ್ಲಿ, ಕೈಗೊಂದು ಕುಡುಗೋಲು ಹಿಡಿದು ನಿಂತರು. ತೊಗರಿ ಕಿತ್ತ ಬೋಳು ಪಟ್ಟಿಯಲ್ಲಿ ಕುಡುಗೋಲಿನಿಂದ ಏನು ಕೊಯ್ಯುವುದು ಎಂದು ಯಾರೂ ಕೇಳಲಿಲ್ಲ. ಪಕ್ಕದಲ್ಲಿ ಶಾಮಿಯಾನ, ಅದರಡಿಯಲ್ಲಿ ಮಿರ್ಚಿ ಭಜಿ, ಗೋಧಿ ಹುಗ್ಗಿ. ನಮ್ಮನ್ನೂ ಕರೆದಿದ್ದರು, ಜನ ಕಾಣಬೇಕಲ್ಲ. ಅತ್ತೆ, ನಾನು, ಮಾವ ನಮ್ಮ ಬದುವಿನ ಮೇಲೆ ನಿಂತು ನೋಡಿದೆವು.

ಐದು ಕಾರುಗಳು ಹೊಸ ಗರಸಿನ ಮೇಲೆ ನುಣ್ಣಗೆ ಬಂದವು. ದಿಲ್ಲಿಯ ಮೇಡಂ ಇಳಿದು ಮಣ್ಣನ್ನು ಮುಟ್ಟಿ ನೋಡಿ ಏನೋ ಹೇಳಿದರು, ಎಲ್ಲರೂ ತಲೆಯಾಡಿಸಿದರು. ಬೋರ್ಡಿನ ಮುಂದೆ ಫೋಟೋ ಆಯಿತು, ರಸ್ತೆಯ ಫೋಟೋ ಆಯಿತು. ದಿನಾ ಎಷ್ಟು ಹೊತ್ತಿಗೆ ಎದ್ದು ಹೊಲಕ್ಕೆ ಬರುತ್ತೀರಿ ಎಂದು ಮೇಡಂ ಸಾಹೇಬರಿಂದ ಕೇಳಿಸಿದರು. ಸಾವಕಾರರು ಮಗನ ಮುಖ ನೋಡಿದರು, ಮಗ ಸಾಹೇಬರ ಮುಖ ನೋಡಿದ. “ಕೋಳಿ ಕೂಗುವ ಮೊದಲೇ” ಎಂದರು ಸಾಹೇಬರು, ಸಾವಕಾರರ ಪರವಾಗಿ.

ಬರೇ ಫೋಟೋ ಅಂದದ್ದು ಸುಳ್ಳಾಯಿತು. ಮೇಡಂ ಒಂದು ಸಾಲು ಉಳುವುದನ್ನು ನೋಡಬೇಕೆಂದರು. ಸಿದ್ದಾರೂಢ ಒಲ್ಲೆ ಎನ್ನುವಷ್ಟರಲ್ಲಿ ಸಾವಕಾರರ ಆಳುಗಳು ನೊಗ ಏರಿಸಿಯಾಗಿತ್ತು. ಮಾವ ಮುಖ ಆಚೆ ತಿರುಗಿಸಿಕೊಂಡರು. ಸಾವಕಾರರು ರಂಟೆಯ ಹಿಡಿಕೆಗೆ ಎರಡೂ ಕೈ ಹಚ್ಚಿ, ಕ್ಯಾಮೆರಾ ನೋಡುತ್ತಾ ನಿಂತರು. ಎತ್ತುಗಳು ಕಲ್ಲಿನ ಹಾಗೆ ನಿಂತವು, ಒಂದು ಹೆಜ್ಜೆ ಕಿತ್ತಿಡಲಿಲ್ಲ. ಆಗ ಮೇಡಂ ಹುರಿದುಂಬಿಸೋಣ ಎಂದು ಚಪ್ಪಾಳೆ ತಟ್ಟಿದರು. ಮೇಡಂ ತಟ್ಟಿದ ಮೇಲೆ ಸಾಹೇಬರು ಬಿಡುತ್ತಾರೆಯೇ? ಅವರೂ ತಟ್ಟಿದರು. ಸಾಹೇಬರು ತಟ್ಟಿದ್ದನ್ನು ನೋಡಿ ಇಡೀ ಇಲಾಖೆ ತಟ್ಟಿತು.

ಎತ್ತುಗಳು ಕಿವಿ ನಿಮಿರಿಸಿದವು, ಅಷ್ಟೇ ನನಗೆ ನೆನಪಿರುವುದು. ಮರುಗಳಿಗೆಗೆ ಸಾವಕಾರರು ಬೋರಲು ಬಿದ್ದು, ಪಟಕಾ ಒಂದು ಕಡೆ, ಅವರೊಂದು ಕಡೆ. ಎತ್ತುಗಳು ರಂಟೆಯನ್ನು ಎಳೆದುಕೊಂಡು ಶಾಮಿಯಾನದ ಒಳಗೆ ನುಗ್ಗಿ, ಹುಗ್ಗಿಯ ಬೋಗುಣಿ ಉರುಳಿಸಿ, ಆ ಕಡೆಯಿಂದ ಹೊರಬಿದ್ದವು. ಸೊಸೆಯರು ಕುಡುಗೋಲು ಬಿಸಾಕಿ ಕಾರು ಹತ್ತಿದರು. ಹೆದರಿಕೆಗೆ ಎಲ್ಲರ ಕೈ ನಿಂತಿತು. ಕೈ ನಿಂತ ಕೂಡಲೇ ಎತ್ತುಗಳೂ ನಿಂತವು, ಏನೂ ಆಗಿಲ್ಲವೆಂಬಂತೆ ಬಾಲ ಬೀಸಿದವು. ಇದೂ ಕಾರ್ಯಕ್ರಮದ ಒಂದು ಭಾಗ ಇರಬೇಕು ಎಂದುಕೊಂಡ ಮೇಡಂ, ಬಹಳ ಮೆಚ್ಚಿ, ಮತ್ತೊಮ್ಮೆ ಚಪ್ಪಾಳೆ ತಟ್ಟಿದರು. ಎರಡನೇ ಸಲ ಹೋದದ್ದು ಮೈಕಿನ ಕಂಬ.

ಅತ್ತೆ ಸೆರಗನ್ನು ಬಾಯಿಗೆ ತುರುಕಿಕೊಂಡು ನಕ್ಕರು. ಮೂರು ದಿನದ ನಂತರ ಮಾವನ ಜೊತೆ ಮಾತೂ ಆಡಿದರು. “ನೋಡ್ರಿ, ನಿಮ್ಮ ಬಸವಣ್ಣ ಖರೇನ ಕಣ್ಣ ಬಿಟ್ಟಾನ.”

ಬಸವಣ್ಣ ಕಣ್ಣು ಬಿಟ್ಟರೂ ಸರಕಾರ ಬಿಡಬೇಕಲ್ಲ. ಮಾದರಿ ರೈತ ಕುಟುಂಬದ ಪ್ರಶಸ್ತಿ ಅಲ್ಲೇ ಆಗಲೇ ಸಾವಕಾರರ ಕೈ ಸೇರಿತು. ಮೊದಲೇ ಹೆಸರು ಕೆತ್ತಿಸಿ ತಂದಿದ್ದ ಫಲಕವನ್ನು ಹಿಂದಕ್ಕೆ ಒಯ್ಯುವುದು ಹೇಗೆ? ಮೊಣಕೈ ತರಚಿಕೊಂಡು, ಧೋತರದ ತುಂಬ ಮಣ್ಣು ಮಾಡಿಕೊಂಡು ಅವರು ಅದನ್ನು ಇಸಿದುಕೊಂಡರು. ನನ್ನ ತಮ್ಮನಿಗೆ ಮಾತ್ರ ಎಲ್ಲರ ಮುಂದೆ ಬೈದು, ಶರ್ಯತ್ತಿನ ಕಡೆ ತಲೆ ಹಾಕಬೇಡ ಎಂದು ಅಟ್ಟಿದರು. ಪಾಪ, ಅವನು ಎತ್ತಿನ ಕೊರಳಿಗೆ ಹಣೆ ಹಚ್ಚಿಕೊಂಡು ಅತ್ತ.

ಮಂಗಳವಾರ ಬೆಳಿಗ್ಗೆ ಮಾವ ಚಕ್ಕಡಿ ಹೂಡಿದರು. ಹೊಲಕ್ಕೆ ಒಂದು ಸಲ ಹೋಗಿ ಬರೋಣ ಎಂದು ಅತ್ತೆ ಹೊಸ ಸೀರೆಯನ್ನೇ ಉಟ್ಟಿದ್ದರು. ದಾರಿಯ ಬಾಯಿಗೆ ಹೋದರೆ ಕಲ್ಲುಕಂಬಗಳು ಮತ್ತೆ ನಿಂತಿವೆ, ಮುಳ್ಳುತಂತಿ ಮೊದಲಿಗಿಂತ ಬಿಗಿಯಾಗಿದೆ. ಒಳಗೆ ಸಾವಕಾರರ ಟ್ರ್ಯಾಕ್ಟರು ಗರಸನ್ನು ಕೆರೆದು ತುಂಬಿಕೊಂಡು ಅವರ ಅಂಗಳಕ್ಕೆ ಒಯ್ಯುತ್ತಿತ್ತು. ಹಸಿರು ಬೋರ್ಡೊಂದನ್ನು ಮಾತ್ರ ಮುಟ್ಟಿರಲಿಲ್ಲ. ಅದು ಡಾಂಬರು ರಸ್ತೆಗೆ ಮುಖ ಮಾಡಿ, ಭೂದಾನಿಯ ಹೆಸರನ್ನು ಹೋಗಿ ಬರುವವರಿಗೆಲ್ಲ ತೋರಿಸುತ್ತಾ ನಿಂತಿತ್ತು. ಅತ್ತೆ ಚಕ್ಕಡಿಯಿಂದ ಇಳಿಯಲಿಲ್ಲ, ಹೊಸ ಸೀರೆಯ ಮೇಲೆ ಬಿದ್ದ ಧೂಳು ಕೊಡವಿಕೊಂಡರು.

ಬುಧವಾರ ನಾನೂ ಅತ್ತೆಯೂ ಬಸ್ಸು ಹತ್ತಿ ಕೋಶದ ಕಚೇರಿಗೆ ಹೋದೆವು. ಸಾಹೇಬರು ನಮ್ಮನ್ನು ಕೂರಿಸಿ, ಕಂಪ್ಯೂಟರ್ ತಿರುಗಿಸಿ ತೋರಿಸಿದರು. ಅದರಲ್ಲಿ ನಮ್ಮ ದಾರಿ ಮಿರಮಿರ ಮಿಂಚುತ್ತಿತ್ತು.

“ನಿಮ್ಮ ಅರ್ಜಿ ಎಲ್ಲಾ ವಿಲೇವಾರಿ ಆಗ್ಯಾವವ್ವ. ರಸ್ತೆ ಮುಗದೈತಿ, ಫೋಟೋ ಏರಸೇವಿ, ದಿಲ್ಲಿತನಕ ಹೋಗೈತಿ.”

“ಅಲ್ಲಿ ಬೇಲಿ ಹಾಕ್ಯಾರ್ರಿ! ಗರಸೂ ಬಳಕೊಂಡ ಒಯ್ದಾರ! ಬಂದ ನೋಡ್ರಿ ನೀವು!” ನನ್ನ ದನಿ ಕಚೇರಿಯ ಕೊನೆಯವರೆಗೆ ಕೇಳಿರಬೇಕು.

“ನೋಡಿದ ಮ್ಯಾಲೇನ ಫೋಟೋ ಹಾಕಿದ್ದು. ಒಂದ ರಸ್ತೆ ಎರಡ ಸಲ ಮಾಡಾಕ ಬರಂಗಿಲ್ಲ ತಂಗಿ, ಅದು ಭ್ರಷ್ಟಾಚಾರ ಆಕ್ಕೈತಿ” ಎಂದರು ಸಾಹೇಬರು. ಆ ಶಬ್ದವನ್ನು ಅವರ ಬಾಯಲ್ಲಿ ಕೇಳಿ ನಾನು ಕುರ್ಚಿಯಿಂದ ಎದ್ದೇಬಿಟ್ಟೆ.

ಅತ್ತೆ ನನ್ನ ಕೈ ಅದುಮಿ ಸುಮ್ಮನಿರಿಸಿದರು. ಅವರ ದನಿ ಏರಲಿಲ್ಲ. “ಅಂದ್ರ ಅಲ್ಲಿ ದಾರಿ ಐತಿ ಅಂತೀರಿ?”

“ಐತಿ.”

“ಕಲ್ಲಕಂಬ ಇಲ್ಲ?”

“ಇಲ್ಲ.”

“ತಂತಿ?”

“ಇಲ್ಲವ್ವ. ಎಷ್ಟ ಸಲ ಹೇಳಬೇಕು?”

“ಸಾಕ್ರಿ. ಇಷ್ಟ ಸಾಕು” ಎಂದು ಅತ್ತೆ ಎದ್ದರು. ಬಸ್ಸು ಸಾವಳಗಿಗೆ ಬರುವಾಗ ನನ್ನ ಕಡೆ ತಿರುಗಿದರು. “ನಿನ್ನ ತಮ್ಮಗ ಫೋನ್ ಹಚ್ಚು. ಎತ್ತು ತಗೊಂಡ ಬಾ ಅನ್ನು. ಸರಪಳಿನೂ ತರಲಿ.”

ಗುರುವಾರ ಬಿಸಿಲೇರುವ ಮೊದಲೇ ಸಿದ್ದಾರೂಢನ ಟೆಂಪೋ ಬಂತು. ಅತ್ತೆ ಮನೆಮನೆಗೆ ಹೋಗಿ ವಸ್ತಿಯವರನ್ನೆಲ್ಲ ಕರೆದಿದ್ದರು. ಬಂದವರಲ್ಲಿ ಅರ್ಧ ಜನ ನಮ್ಮ ಮೇಲಿನ ಪ್ರೀತಿಗೆ ಬಂದಿದ್ದರು, ಇನ್ನರ್ಧ ಮೊನ್ನೆ ಹುಗ್ಗಿ ಚೆಲ್ಲಿಹೋದ ಸಿಟ್ಟಿಗೆ. ಸಿದ್ದಾರೂಢ ಮೊದಲನೆಯ ಕಲ್ಲುಕಂಬಕ್ಕೆ ಸರಪಳಿ ಸುತ್ತಿ, ಇನ್ನೊಂದು ತುದಿಯನ್ನು ನೊಗಕ್ಕೆ ಬಿಗಿದು, ಎತ್ತುಗಳ ಬೆನ್ನು ಸವರಿ ಪಕ್ಕಕ್ಕೆ ನಿಂತ.

“ಹೊಡೀರಿ” ಎಂದರು ಅತ್ತೆ.

ನಾವು ಚಪ್ಪಾಳೆ ಹೊಡೆದೆವು. ಹುಡುಗರು ಸಿಳ್ಳೆ ಹಾಕಿದರು. ಎತ್ತುಗಳು ಮುಂಗಾಲು ಊರಿ ಬೆನ್ನು ಬಗ್ಗಿಸಿದವು, ಕಂಬ ಬುಡಸಮೇತ ಹೊರಬಂದು ಮಣ್ಣಿನ ಮೇಲೆ ಮಲಗಿತು. ಎರಡನೆಯದು ಹಾಗೆಯೇ, ಮೂರನೆಯದು ಇನ್ನೂ ಸಲೀಸು. ಮುಳ್ಳುತಂತಿ ಟಣ್ಣೆಂದು ಹರಿಯಿತು. ನನ್ನ ಅಂಗೈ ಕೆಂಪಗಾಗಿ ಉರಿಯುತ್ತಿತ್ತು, ಆದರೂ ಬಿಡಲಿಲ್ಲ. ಅಷ್ಟು ವರ್ಷ ಅರ್ಜಿ ಬರೆದ ಕೈಗೆ ಮೊದಲ ಸಲ ಒಂದು ಕೆಲಸ ಮಾಡಿದ ಹಾಗೆ ಅನ್ನಿಸಿತು.

ಸಾವಕಾರರು ಕಾರು ಓಡಿಸಿಕೊಂಡು ಬಂದರು. ಕೆಳಗಿಳಿದವರೇ ಕೂಗಾಡಿದರು. “ಯಾರಪ್ಪಂದ ಅಂ‍ತ ಕಿತ್ತಾಕತ್ತೀರಿ? ಒಳಗ ಹಾಕಸ್ತೀನಿ ಎಲ್ಲಾರನ್ನೂ!”

“ಏನ ಕಿತ್ತೇವ್ರಿ ಸಾವಕಾರ್ರ?” ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. “ಇಲ್ಲಿ ಕಂಬ ಇಲ್ಲ, ಬೇಲಿ ಇಲ್ಲ ಅಂತ ನಿನ್ನೆ ಸಾಹೇಬ್ರು ಹೇಳ್ಯಾರ. ಇಲ್ಲದ್ದನ್ನ ಹೆಂಗ ಕೀಳೂದು? ಬೇಕಾದ್ರ ಕೇಳ್ರಿ ಅವರನ್ನ.”

ಸಾವಕಾರರು ಕೇಳಿಯೇಬಿಟ್ಟರು. ನಾವೆಲ್ಲ ಸರಕಾರದ ದನಿ ಕೇಳಿ ಹೆದರಲಿ ಎಂದು ಫೋನಿನ ಸ್ಪೀಕರ್ ಬೇರೆ ಹಾಕಿದರು. “ಸಾಹೇಬ್ರ, ನನ್ನ ಬೇಲಿ ಕಿತ್ತಾಕತ್ತಾರ್ರಿ ಇವರು!”

ಆ ಕಡೆಯಿಂದ ಸಾಹೇಬರ ದನಿ ಬಂತು, ಬಹಳ ಮೆಲ್ಲಗೆ. “ಯಾವ ಬೇಲಿ ಸಾವಕಾರ್ರ? ಅಲ್ಲಿ ಬೇಲಿ ಇಲ್ಲಲ್ಲ.”

“ಇಲ್ಲೇ ಐತ್ರಿ! ನನ್ನ ಕಣ್ಣ ಮುಂದ!”

“ಬೇಲಿ ಐತಿ ಅಂದ್ರ ರಸ್ತೆ ಇಲ್ಲಂತಾತು. ರಸ್ತೆ ಇಲ್ಲ ಅಂದ್ರ ನಿಮ್ಮ ಪ್ರಶಸ್ತಿ ಹಿಂದಕ್ಕ ಕೊಡಬೇಕಾಕ್ಕೈತಿ, ನನ್ನ ನೌಕರಿನೂ ಹೊಕ್ಕೈತಿ. ದಿಲ್ಲಿಗೆ ಫೋಟೋ ಹೋಗೈತ್ರಿ ಸಾವಕಾರ್ರ. ದಯಮಾಡಿ ಅಲ್ಲಿ ಬೇಲಿ ಇಲ್ಲ. ಇಡ್ತೀನಿ.”

ಸಾವಕಾರರು ಫೋನನ್ನೇ ನೋಡುತ್ತಾ ನಿಂತರು. ಕೊನೆಯ ಕಂಬ, ಮೂಲೆಯದು, ಎಲ್ಲಕ್ಕಿಂತ ದಪ್ಪನೆಯದು ಉಳಿದಿತ್ತು. ಸಿದ್ದಾರೂಢ ಅದಕ್ಕೆ ಸರಪಳಿ ಸುತ್ತಿದ. ನಾವು ಚಪ್ಪಾಳೆ ಹೊಡೆದೆವು. ಎತ್ತುಗಳು ಎಳೆದವು, ಕಂಬ ಅಲುಗಿತು, ವಾಲಿತು, ಹಸಿರು ಬೋರ್ಡಿನ ಬುಡಕ್ಕೆ ಹೋಗಿ ಬಿತ್ತು. ಬೋರ್ಡಿಗೆ ಏನೂ ಆಗಲಿಲ್ಲ. ಆಗಬಾರದೆಂದು ಅತ್ತೆ ಮೊದಲೇ ತಾಕೀತು ಮಾಡಿದ್ದರು.

ಮಾವ ಆ ಹೊತ್ತಿಗೆ ನಮ್ಮ ಎತ್ತುಗಳನ್ನು ಚಕ್ಕಡಿಗೆ ಹೂಡಿಕೊಂಡು ತಂದರು. ಅತ್ತೆ ಒಂದು ಕಾಲು ಗಾಲಿಯ ಮೇಲಿಟ್ಟು, ಕೆಟ್ಟ ಮೊಣಕಾಲನ್ನು ಕೈಯಿಂದ ಎತ್ತಿ ಒಳಗಿಟ್ಟುಕೊಂಡು ಹತ್ತಿದರು, ನನ್ನನ್ನೂ ಕೈಹಿಡಿದು ಎಳೆದುಕೊಂಡರು. ಚಕ್ಕಡಿ ಬೋರ್ಡು ದಾಟಿ ದಾರಿಯೊಳಗೆ ಹೊಕ್ಕಿತು. ಸಾವಕಾರರ ಹತ್ತಿರ ಬಂದಾಗ ಮಾವ ಹಗ್ಗ ಜಗ್ಗಿ ನಿಲ್ಲಿಸಿದರು. ನಾನು ಬೆರಗಾದೆ. ಅವರು ಸಾವಕಾರರ ಜೊತೆ ಮಾತಾಡಿದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ.

“ಸಾವಕಾರ್ರ,” ಎಂದರು ಮಾವ, “ಸೋಮಾರ ಒಂದಿನ ಬಿಟ್ಟು ದಿನಾ ಬರ್ತೀವ್ರಿ.”